ಗಂಡಸರ ಕಟ್ಟಿ ಮ್ಯಾಲ ಕುಂತಿದ್ದು

ಉಪ್ಪಿನಬೆಟಗೇರಿ ಆಚೆಗಿನ ಒಂದು ಹಳ್ಳಿಗೆ ನಾನು ನರ್ಸ್ ಆಗಿ ಹೋದ ಹೊಸದ್ರಾಗ ನಡೆದ ಮಾತಿದು. ಮನಿಮನಿ ತಿರುಗಿ ಕೂಸುಗಳ ತೂಕ ನೋಡಿ ಕಾಲು ಸೋತಿದ್ದವು. ಬಸ್ ಇನ್ನೂ ಬಂದಿರಲಿಲ್ಲ. ಬೇವಿನ ಗಿಡದ ಕಟ್ಟಿ ಮ್ಯಾಲ ಜಾಗಾ ಕಂಡಿತು, ಹೋಗಿ ಕುಂತೆ.

ಅಲ್ಲಿದ್ದ ಗಂಡಸರೆಲ್ಲ ದಡಕ್ಕನೆ ಎದ್ದು ನಿಂತರು. ನನಗ ಮರ್ಯಾದಿ ಕೊಟ್ಟರೇನೋ ಅಂತ ತಿಳಿದು "ಕುಂದರ್ರಿ, ಕುಂದರ್ರಿ" ಅಂದೆ.

ಊರ ಹಿರಿಯ ಬಸಪ್ಪ ಕಾಕಾ ಗಂಟಲು ಸರಿಮಾಡಿಕೊಂಡರು. "ಅಕ್ಕಾರ, ಈ ಕಟ್ಟಿ ಮ್ಯಾಲ ಹೆಣ್ಮಕ್ಕಳು ಕುಂದ್ರಂಗಿಲ್ಲರಿ. ಮೊದಲಿಂದ ಬಂದ ಪದ್ಧತಿ."

"ಕುಂತರ ಏನಾಗತೈತ್ರಿ ಕಾಕಾ?"

ಅವರು ಉಳಿದವರ ಮಾರಿ ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ನಾಳಿ ನಾನು ಇವರ ಮನಿಗೇ ಹೋಗಬೇಕು, ಬಾಗಿಲು ಹಾಕಿಕೊಂಡರ ಏನು ಗತಿ? ಆದರೂ ಏಳಲಿಲ್ಲ.

ಆಗ ಎದುರು ಮನಿಯಿಂದ ಕಾಕಾನ ಹೆಂಡತಿ ಗಂಗವ್ವ ಮೊಣಕಾಲು ಹಿಡಕೊಂಡು ಬಂದರು. ಗಂಡನ್ನ ದಾಟಿ ನನ್ನ ಬಾಜೂಕ ಕುಂತರು.

"ಲಗ್ನ ಆಗಿ ಬಂದಾಗಿಂದ ಈ ನೆರಳು ದೂರದಿಂದ ನೋಡೇನಿ ಯವ್ವಾ. ಏನು ತಂಪೈತಿ!"

ಕಾಕಾ ಏನೋ ಅನ್ನಾಕ ಬಾಯಿ ತೆಗೆದರು. "ನೀವೂ ಕುಂದರ್ರಿ, ಯಾರು ಬ್ಯಾಡಂದಾರ?" ಅಂದರು ಗಂಗವ್ವ.

ಬಾಗಿಲದಾಗ ನಿಂತು ನೋಡತಿದ್ದ ಹೆಣ್ಮಕ್ಕಳು ನಕ್ಕೋತ ಒಬ್ಬೊಬ್ಬರೇ ಬಂದರು. ನನ್ನ ಬಸ್ ಬರೂದ್ರಾಗ ಕಟ್ಟಿ ತುಂಬಿತ್ತು. ಬಸ್ ಹತ್ತಿ ಕಿಡಕಿಯಿಂದ ತಿರುಗಿ ನೋಡಿದೆ. ಹೆಣ್ಮಕ್ಕಳು ನನಗ ಕೈ ಬೀಸಿದರು, ಲಡಾಯಿ ಗೆದ್ದು ಬಂದವರಂಗ.

ಈಗ ಸಂಜೀಕ ಆ ಕಟ್ಟಿ ಮ್ಯಾಲ ನನಗ ಜಾಗಾನೇ ಸಿಗೂದಿಲ್ಲ. ನಿಂತೇ ಬಸ್ ಕಾಯತೇನಿ.