ಗೆದ್ದವರನ್ನು ಮರೆತ ಓಟ

ಕಾರ್ ರೇಸಿನ ಮೈದಾನದಲ್ಲಿ ಎಲ್ಲರೂ ಅವಳನ್ನು ಮೈಕಕ್ಕ ಎಂದೇ ಕರೆಯುತ್ತಿದ್ದರು. ಗ್ಯಾಲರಿಯ ನೆತ್ತಿಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಕಾರು ಎಲ್ಲಿದೆ, ಯಾರು ಯಾರನ್ನು ಹಿಂದಿಕ್ಕಿದರು ಎಂದು ಹೇಳುತ್ತಾ ಹೋಗುವುದು ಅವಳ ಕೆಲಸ. ಅರ್ಧ ಟ್ರ್ಯಾಕು ಗುಡ್ಡದ ಆಚೆಗಿತ್ತು. ಅಲ್ಲಿ ನಡೆಯುವುದು ಅವಳ ಮುಂದಿನ ಟೀವಿಗಳಲ್ಲಿ ಮಾತ್ರ ಕಾಣುತ್ತಿತ್ತು. ಕಾರುಗಳು ತಿರುಗಿ ಕಣ್ಣಿಗೆ ಬೀಳುವವರೆಗೆ ಜನ ಅವಳ ದನಿಯನ್ನೇ ನೆಚ್ಚಿಕೊಂಡಿರಬೇಕು.

ವಾರವಿಡೀ ಹಲ್ಲು ಬರುತ್ತಿರುವ ಮಗಳನ್ನು ಸೊಂಟಕ್ಕೇರಿಸಿಕೊಂಡು ತಿರುಗುವವಳಿಗೆ ತನ್ನದು ಅಂತ ಇದ್ದದ್ದು ಆ ಕೋಣೆಯೊಂದೇ. ಮಗುವನ್ನು ಅತ್ತೆಯ ಬಳಿ ಬಿಟ್ಟು ಹೊರಟರೆ ಬಸ್ಸಿನುದ್ದಕ್ಕೂ ಜೀವ ಹಿಂಡುತ್ತಿತ್ತು. ಮೈ ಬಿಸಿ ಇತ್ತೇ, ಹಾಲು ಕುಡಿಯಿತೇ, ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದ್ದಾರೆಯೇ? ದೀಪ ಹತ್ತಿ ಕಾರುಗಳು ಗುಡುಗಿದ ಮೇಲೆ ಮಾತ್ರ ಯಾವ ಚಿಂತೆಯೂ ಹತ್ತಿರ ಸುಳಿಯುತ್ತಿರಲಿಲ್ಲ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಕೆಂಪು ತಂಡದಿಂದ. ಎರಡು ವರ್ಷದಿಂದ ಅವರ ಎರಡು ಕಾರುಗಳು ಬೇರೆ ಯಾರನ್ನೂ ಗೆಲ್ಲಲು ಬಿಟ್ಟಿರಲಿಲ್ಲ. ಮೊದಲ ಸುತ್ತಿನಲ್ಲಿ ಮುಂದೆ ಹೋದರೆಂದರೆ ಮುಗಿಯಿತು. ಪ್ರತಿ ಸುತ್ತಿಗೂ ಮೊದಲ ಮೂವರನ್ನು ಹೇಳುವುದು ಅಲ್ಲಿನ ರೂಢಿ. ಕೆಂಪು ಮುಂದೆ, ಅದರ ಹಿಂದೆ ಕೆಂಪು ಎಂದು ಹೇಳಿ ಹೇಳಿ ಅವಳಿಗೇ ಆಕಳಿಕೆ ಬರುತ್ತಿತ್ತು. ಒಂದು ಸಲ ರೆಕಾರ್ಡ್ ಮಾಡಿಟ್ಟು ಬಂದುಬಿಡು, ವರ್ಷಪೂರ್ತಿ ನಡೆಯುತ್ತದೆ ಎಂದು ಗಂಡ ಕಾಲೆಳೆದಾಗ ನಕ್ಕಿದ್ದಳು. ಮೈದಾನದ ಮ್ಯಾನೇಜರ್ ಮಾತ್ರ ಅದೇ ಮಾತನ್ನು ನಗದೆ ಹೇಳಿದರು. ಅರ್ಧ ಓಟಕ್ಕೇ ಜನ ಎದ್ದು ಹೋಗುತ್ತಿದ್ದಾರೆ, ಖಾಲಿ ಕುರ್ಚಿಗಳಿಗೆ ಮೈಕ್ ಯಾಕೆ ಎಂದು ಅವರು ಕೇಳಿದರು. ಈ ಭಾನುವಾರವೂ ಹೀಗೇ ಆದರೆ ಮುಂದಿನ ಓಟದಿಂದ ಅವಳ ಬದಲು ಹಾಡು ಹಾಕುತ್ತಾರಂತೆ.

"ನಿನ್ನ ತಪ್ಪಲ್ಲಮ್ಮ. ಹೇಳೋಕೆ ಏನೂ ಇಲ್ದಿದ್ರೆ ನೀನಾದ್ರೂ ಏನು ಹೇಳ್ತೀಯ?" ಎಂದರು ಮ್ಯಾನೇಜರು.

ಭಾನುವಾರ ಕೆಂಪು ಕಾರುಗಳು ಎಂದಿನಂತೆ ನಾಗಾಲೋಟದಲ್ಲಿ ಮುನ್ನುಗ್ಗಿದವು. ಸ್ವಲ್ಪ ಹೊತ್ತಿಗೆ ಕೆಳಗಿನ ಸಾಲಿನಲ್ಲಿ ಕೆಲವರು ಬಟ್ಟೆ ಕೊಡವಿಕೊಂಡು ಎದ್ದರು. ಮೈಕಕ್ಕ ಟೀವಿಗಳ ಮೇಲೆ ಕಣ್ಣಾಡಿಸಿದಳು. ಮೂಲೆಯ ಟೀವಿಯಲ್ಲಿ ಗುಡ್ಡದಾಚೆ ಎರಡು ಹಳೆಯ ಕಾರುಗಳು ಒಂದನ್ನೊಂದು ಉಜ್ಜುವ ಹಾಗೆ ಓಡುತ್ತಿದ್ದವು. ಏಳನೆಯ ಸ್ಥಾನದಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಅವನ ಬೆನ್ನಿಗೆ ಅವನದೇ ಹೆಂಡತಿಯ ತಮ್ಮ. ಇಬ್ಬರನ್ನೂ ಅವಳು ಬಲ್ಲಳು. ರೂಢಿ ಗೀಢಿ ಎಲ್ಲ ಬಿಟ್ಟು ಅವಳು ಮೈಕಿಗೆ ಬಾಯಿಟ್ಟಳು.

"ಗುಡ್ಡದ ಹಿಂದೆ ಭಾವನ ಬೆನ್ನು ಹತ್ತಿದ್ದಾನೆ ಭಾಮೈದ. ಅಕ್ಕ ಇಲ್ಲೇ ಗ್ಯಾಲರೀಲಿದ್ದಾರೆ. ಅವರು ಯಾರ ಕಡೆ ಅಂತ ನೀವೇ ಕೇಳಿ."

ತಲೆಗಳು ತಿರುಗಿದವು. ನಡುಸಾಲಿನಲ್ಲೊಬ್ಬ ಹೆಂಗಸು ಬ್ಯಾಗಿನಿಂದ ಮುಖ ಮುಚ್ಚಿಕೊಂಡಳು, ಪಕ್ಕದವರು ಬಿಡಲಿಲ್ಲ. ಎದ್ದವರು ಮತ್ತೆ ಕೂತರು. ಭಾಮೈದ ಮುಂದಾದ, ಭಾವ ತಿರುವಿನಲ್ಲಿ ಜಾಗ ಕಸಿದುಕೊಂಡ, ಮನೆಯಲ್ಲಿ ಬಾಯಿಬಿಡದವನು ಇಲ್ಲಿ ಹೇಗೆ ಹೊಡೆಯುತ್ತಿದ್ದಾನೆ ನೋಡಿ ಎಂದು ಅವಳು ಗ್ಯಾಲರಿಯನ್ನು ನಗಿಸಿದಳು. ಕೊನೆಯ ಸುತ್ತಿಗೆ ಇಬ್ಬರೂ ಪಕ್ಕಪಕ್ಕದಲ್ಲೇ ಗುಡ್ಡ ಇಳಿದು ಬಂದಾಗ ಒಬ್ಬರೂ ಕೂತಿರಲಿಲ್ಲ. ಭಾಮೈದ ಕೂದಲೆಳೆಯಷ್ಟು ಮುಂದೆ ಗೆರೆ ದಾಟಿದ. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು.

ಕೋಣೆಯ ಫೋನ್ ಹೊಡೆದುಕೊಂಡಿತು. ಮ್ಯಾನೇಜರು.

"ಅದೆಲ್ಲ ಸರಿಯಮ್ಮ. ಗೆದ್ದೋರು ಯಾರು?"

ಅವಳು ಗಾಜಿನಾಚೆ ಬಗ್ಗಿ ನೋಡಿದಳು. ಕೆಂಪು ಕಾರುಗಳು ಯಾವಾಗಲೋ ಬಂದು ನಿಂತಿದ್ದವು. ಗೆದ್ದವನು ಕೈ ಎತ್ತಿಕೊಂಡು ಹೆಸರಿಗಾಗಿ ಕಾಯುತ್ತಿದ್ದ. ಅವಳು ಮೈಕಿನಲ್ಲಿ ಕ್ಷಮೆ ಕೇಳಿ, ಮೊದಲನೆಯದು ಕೆಂಪು, ಎರಡನೆಯದೂ ಕೆಂಪು ಎಂದು ಹೇಳಿ ಹೆಸರು ಓದಿದಳು. ಗ್ಯಾಲರಿ ಹೋ ಎಂದು ನಕ್ಕಿತು.

ಆ ನಗು ಅಡಗುವ ಮೊದಲೇ ಕೆಂಪು ತಂಡದ ಹಿರಿಯ ಮೆಕ್ಯಾನಿಕ್ ಮೆಟ್ಟಿಲು ಹತ್ತಿ ಬಂದ. ಮುಂಗೈಯವರೆಗೆ ಗ್ರೀಸು.

"ನಿದ್ದೆಗೆಟ್ಟು ಕಾರು ಕಟ್ಟೋರು ನಾವು, ನಗೆಪಾಟಲಾಗೋರೂ ನಾವೇನಾ? ಗೆಲ್ಲೋದು ಸುಲಭ ಅಂದ್ಕೊಂಡ್ರಾ ಅಕ್ಕ? ಕೊನೇ ಸುತ್ತು ಮುಗಿಯೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರ್ತೀನಿ. ಎರಡು ವರ್ಷದಲ್ಲಿ ಒಂದು ದಿನ ಅದನ್ನ ಹೇಳಿದ್ದೀರಾ?"

ಅವಳು ಹೇಳಿರಲಿಲ್ಲ, ನಿಜ. ಮುಂದಿರುವವನಿಗೆ ಭಯವಿರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು ಎಂದಳು. ಅಷ್ಟರಲ್ಲಿ ಮ್ಯಾನೇಜರು ಏದುಸಿರು ಬಿಡುತ್ತಾ ಬಂದು, ಗಾಜಿನಾಚೆ ಇನ್ನೂ ಕದಲದ ಗ್ಯಾಲರಿಯನ್ನು ನೋಡಿದರು. ಮುಂದಿನ ಓಟಕ್ಕೂ ಬಾ, ಆದರೆ ಗೆದ್ದವರನ್ನು ಇನ್ನೊಮ್ಮೆ ಮರೆತರೆ ಹಾಡೇ ಗತಿ ಎಂದು ಹೇಳಿ ಇಳಿದುಹೋದರು.

ಮೆಕ್ಯಾನಿಕ್ ಬಾಗಿಲಲ್ಲೇ ನಿಂತಿದ್ದ. ಅವಳು ಪಕ್ಕದ ಕುರ್ಚಿಯ ಮೇಲಿನ ಬ್ಯಾಗು ತೆಗೆದಿಟ್ಟು, ಕುರ್ಚಿಯನ್ನು ಅವನತ್ತ ತಳ್ಳಿದಳು.

"ಇವತ್ತು ಯಾವುದಕ್ಕೆ ಹೆದರಿದ್ರಿ, ಹೇಳಿ."

"ಗೇರ್‌ಬಾಕ್ಸು," ಎಂದ ಅವನು, ಮುಖ ಬಿಗಿದುಕೊಂಡೇ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೂತ. "ಅರ್ಧ ಓಟದಿಂದಾನೇ ಕಿರುಗುಡ್ತಾ ಇತ್ತು."