ಜೋಲಿಗೆ ಕೊಡದ ಸೀರೆ

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನನ್ನ ತವರುಮನೆಯೇನೋ ಇತ್ತು, ಅವ್ವ ಇರಲಿಲ್ಲ. ನನಗೆ ಬಸಿರಲ್ಲಿ ಏಳು ತಿಂಗಳು ತುಂಬುವ ಹೊತ್ತಿಗೆ ಎದೆನೋವು ಬಂದು ಹೋಗಿಬಿಟ್ಟಿದ್ದಳು. ಆದರೂ ಹಟ ಹಿಡಿದು ಅಲ್ಲಿಗೇ ಬಂದೆ. ಬಾಣಂತನಕ್ಕೆ ಅವ್ವನ ತಂಗಿ, ನನ್ನ ಚಿಗವ್ವ, ಕೇಶ್ವಾಪುರದಿಂದ ಬಂದು ನಿಂತಳು.

ಮಗಳು ಹುಟ್ಟಿದಳು. ಅವಳ ಅಳು ಮಾತ್ರ ನನಗೆ ತಿಳಿಯಲೇ ಇಲ್ಲ. ಅತ್ತಾಗಲೆಲ್ಲ ಹಸಿವು ಅಂತ ಎದೆಗೆ ಒತ್ತಿಕೊಳ್ಳುತ್ತಿದ್ದೆ, ಅವಳು ಮುಖ ತಿರುಗಿಸುತ್ತಿದ್ದಳು. ಅವಳನ್ನು ನೋಡುತ್ತಿದ್ದರೂ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅವ್ವನ ಎದೆನೋವನ್ನು ಮನೆಮಂದಿಯೆಲ್ಲ ಪಿತ್ತ ಅಂದುಕೊಂಡಿದ್ದೆವಲ್ಲ ಎಂಬುದು.

ಕೂಸು ನೋಡಲು ಬಂದ ಓಣಿಯವರಿಗೆಲ್ಲ ಆ ಅಳುವಿನ ಅರ್ಥ ಗೊತ್ತಿತ್ತು. ಒಬ್ಬರು ಬಜೆ ತೇಯ್ದು ಹಾಕು ಅಂದರು, ಇನ್ನೊಬ್ಬರು ದೃಷ್ಟಿ ತೆಗೆ ಅಂದರು. ಎಲ್ಲರಿಗೂ ತಲೆಯಾಡಿಸಿ ಒಳಗೊಳಗೇ ಉರಿಯುತ್ತಿದ್ದೆ.

"ಇದಕ್ಕ ನಾ ಬ್ಯಾಡಾಗೇನಿ," ಅಂದೆ ಒಂದು ಮಧ್ಯಾಹ್ನ.

"ಹುಚ್ಚಿ, ಅದಕ್ಕ ನಿದ್ದಿ ಬಂದೈತಿ. ಹ್ಯಾಂಗ ಆಕಳಿಸಾಕತ್ತೈತಿ ನೋಡು," ಅಂದಳು ಚಿಗವ್ವ, ಕೂಸನ್ನು ಹೆಗಲಿಗೆ ಹಾಕಿಕೊಳ್ಳುತ್ತ. "ನಿನ್ನ ಜೀವ ಇಲ್ಲಿದ್ರ ಕಾಣತೈತಿ. ಟ್ರಂಕಿನ್ಯಾಗಿನ ಅಕ್ಕನ ಸೀರಿ ಇನ್ನಾದ್ರೂ ತಗಿ. ಒಗದು ಜೋಲಿ ಕಟ್ಟೂಣು."

ನಮ್ಮ ಮನೆಗಳಲ್ಲಿ ಕೂಸಿನ ಜೋಲಿಗೆ ಅಜ್ಜಿ ಉಟ್ಟು ಮೆತ್ತಗಾದ ಸೀರೆಯೇ ಬೇಕು. ಚಿಗವ್ವ ಬಂದಾಗಿನಿಂದ ಕೇಳುತ್ತಿದ್ದಳು, ನಾನು ಕೊಟ್ಟಿರಲಿಲ್ಲ. ಅವ್ವ ಕೊನೆಯ ಸಲ ಮನೆಯಲ್ಲಿ ಉಟ್ಟು ಬಿಟ್ಟ ಸೀರೆ ಅದು. ಒಗ್ಗರಣೆ, ವಿಭೂತಿ, ಕೊಬ್ಬರಿ ಎಣ್ಣೆ ಎಲ್ಲ ಸೇರಿದ ಅವಳ ವಾಸನೆ ಇನ್ನೂ ಹಾಗೇ ಇತ್ತು. ಒಗೆದರೆ ಅಷ್ಟೂ ಹೋಯಿತು.

ಅಂದು ಟ್ರಂಕು ತೆಗೆದೆ. ಸೀರೆಯಲ್ಲಿ ಮುಖ ಹುದುಗಿಸಿ, ಅವ್ವನನ್ನು ಮಣ್ಣು ಮಾಡಿದ ದಿನವೂ ಅಳದಷ್ಟು ಅತ್ತೆ. ಆಮೇಲೆ ನಾನೇ ಒಯ್ದು ಒಗೆಯಲು ಚಿಗವ್ವನ ಕೈಗೆ ಕೊಟ್ಟೆ. ಹುಬ್ಬಳ್ಳಿಯ ಬಿಸಿಲಿಗೆ ಅದು ಒಣಗಲು ಎಷ್ಟು ಹೊತ್ತು?

ಸಂಜೆ ಮಗಳು ಮತ್ತೆ ಅತ್ತಳು. ಎದೆಗೆ ಒತ್ತಿಕೊಳ್ಳಲಿಲ್ಲ, ಮೊದಲು ಮುಖ ನೋಡಿದೆ. ಅಳುವಿನ ನಡುವೆ ಪುಟ್ಟ ಬಾಯಿ ಆಕಳಿಸಿತು. ಜೋಲಿಗೆ ಹಾಕಿ ತೂಗಿದೆ. ಕಣ್ಣು ಮುಚ್ಚಿದಳು.

ನನಗೆ ತಿಳಿಯಿತು ಅಂತ ಹೇಳಲು ಅಡುಗೆಮನೆಯ ಕಡೆ ತಿರುಗಿ, "ಅವ್ವಾ" ಅಂದೇಬಿಟ್ಟೆ.

ಒಳಗಿನಿಂದ ಚಿಗವ್ವ ಬಾಗಿಲಿಗೆ ಬಂದು ನಿಂತಳು. ನಾನು ಜೋಲಿಗೆ ಮೂಗು ಹಚ್ಚಿದೆ. ಬರೀ ಸೋಪಿನ ವಾಸನೆ, ಜೊತೆಗೆ ಆಗಲೇ ಸ್ವಲ್ಪ ಹಾಲಿನದು.