ಮಿಷಿನ್ನಿಗೆ ಗಾಳಿ ಬಿಟ್ಟ ಹುಸೇನಸಾಬರು

ಯಾರ ಮನೆಗೆ ಬಂದರೂ ಹುಸೇನಸಾಬರ ಕಣ್ಣು ಮೊದಲು ಹೋಗುತ್ತಿದ್ದುದು ಸ್ವಿಚ್ ಬೋರ್ಡಿಗೆ. ಹಗಲಲ್ಲಿ ಲೈಟು ಉರಿಯುತ್ತಿದ್ದರೆ ಸಲಾಮಿಗೂ ಮುಂಚೆ ಅದನ್ನು ಆರಿಸಿ, "ಕರೆಂಟ್ ಅಂದ್ರ ಅನ್ನ ಇದ್ದಂಗ್ರಿ ಮಾಸ್ತರ, ಚೆಲ್ಲಬಾರ್ದು" ಎನ್ನುತ್ತಿದ್ದರು. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಮೋಟಾರು ನೋಡಿಕೊಂಡಿದ್ದು ನಿವೃತ್ತರಾದವರು. ನಾನು ಪಕ್ಕದ ಮನೆಯ ಗಣಿತದ ಮಾಸ್ತರ. ಅವರ ಕೂಡು-ಕಳೆಯೆಲ್ಲ ನಡೆಯುತ್ತಿದ್ದುದು ನಮ್ಮ ಕಟ್ಟೆಯ ಮೇಲೆಯೇ.

ಇಂಥ ಕಂಜೂಸ್ ಮನುಷ್ಯ ಒಂದು ದಿನ ಮೈನಿಂಗ್ ಮಿಷಿನ್ ತಂದರು! ಹಗಲೂ ರಾತ್ರಿ ಲೆಕ್ಕ ಬಿಡಿಸುತ್ತ ಇಂಟರ್ನೆಟ್ಟಿನ ನಾಣ್ಯ ಗಳಿಸುವ ಪೆಟ್ಟಿಗೆ ಅದು. ಕಾರಣ ಹೆಂಡತಿ ಖೈರುನ್ ಭಾಬಿಯ ಉಬ್ಬಸ. ನಮ್ಮೂರಲ್ಲಿ ಅಂಗಳ ಗುಡಿಸಿದರೆ ಮೊರದ ತುಂಬ ಕರಿ ಬೂದಿ ಬರುತ್ತದೆ. ಕಾರ್ಖಾನೆ ಕಡೆಯ ಕಿಟಕಿಯನ್ನು ಯಾರೂ ತೆರೆಯುವುದಿಲ್ಲ. ಬೂದಿಯಿಲ್ಲದ ಊರಲ್ಲಿ ಆಕೆಗೊಂದು ಮನೆ ಮಾಡಬೇಕೆಂಬುದೊಂದೇ ಅವರ ಆಸೆ.

"ಮನಿಗಿ ಕರೆಂಟ್ ಫ್ರೀ ಐತಿ. ಮಿಷಿನ್ ದುಡೀತೈತಿ, ಆಕಿ ಉಸಿರಾಡ್ತಾಳ," ಎಂದರು.

ಫ್ರೀ ಕರೆಂಟಿಗೂ ಮಿತಿಯಿದೆ ಎಂಬುದನ್ನು ಮರೆತಿದ್ದರು. ಮಿತಿ ದಾಟಿ ಪೂರ್ತಿ ಬಿಲ್ಲು ಬಂತು. ನಾನು ಕೂಡಿಸಿ ನೋಡಿ ಹೇಳಿದೆ: "ಸಾಬ್ರ, ಕರೆಂಟಿಗಿ ಹೋಗೋದ್ರಾಗ ಅರ್ಧಾನೂ ನಾಣ್ಯದಿಂದ ಬರವಲ್ದು. ಬಂದ್ ಮಾಡ್ರಿ."

"ನಾಣ್ಯದ ರೇಟ್ ಏರತೈತಿ, ತಡೀರಿ."

ಹುಚ್ಚು ಆಸೆ. ಅದಕ್ಕೆ ನನ್ನ ಗಣಿತ ನಾಟಲಿಲ್ಲ.

ಬೇಸಿಗೆ ಬಂತು. ಮಿಷಿನ್ನು ಕಾದು ತಾನಾಗಿಯೇ ನಿಲ್ಲತೊಡಗಿತು. ಅದಕ್ಕೆ ಗಾಳಿ ಬೇಕೆಂದು ಸಾಬರು ಕಾರ್ಖಾನೆ ಕಡೆಯ ಹಿಂದಿನ ಕಿಟಕಿ ತೆಗೆದರು. ಮನೆಯಲ್ಲಿದ್ದ ಒಂದೇ ಕೂಲರನ್ನು ಮಿಷಿನ್ನಿನತ್ತ ತಿರುಗಿಸಿದರು. ಅದೇ ಕೋಣೆಯಲ್ಲಿ ಭಾಬಿಯ ಮಂಚ.

"ಸವತಿನ ತಂದಾರ ನೋಡ್ರಿ ಮಾಸ್ತರ. ಆಕಿಗಿ ಗಾಳಿ, ನನಗ ಬೂದಿ," ಎಂದು ಭಾಬಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ.

"ಇದೊಂದ್ ಬ್ಯಾಸಗಿ ತಡಕೋ. ಮುಂದ ನಿನ್ ಮನಿ ನಿನಗ," ಎಂದು ಸಾಬರು ಆಕೆಯ ಬೆನ್ನು ಸವರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಯಾರನ್ನು ಬೈಯಲಿ? ಆ ಮನುಷ್ಯ ಮಾಡುತ್ತಿದ್ದುದೆಲ್ಲ ಆಕೆಗಾಗಿಯೇ.

ಮಳೆಗಾಲಕ್ಕೆ ಮುಂಚೆಯೇ ಭಾಬಿಯನ್ನು ಕೊಪ್ಪಳದ ಆಸ್ಪತ್ರೆಗೆ ಒಯ್ದರು. ಜೀವಂತ ತಿರುಗಿ ಬರಲಿಲ್ಲ.

ಸಾಬರು ಕುಷ್ಟಗಿಯ ಮಗಳ ಮನೆಗೆ ಹೊರಟುಹೋದರು. ಆಮೇಲೆ ಅವರನ್ನು ನಾನು ನೋಡಿಲ್ಲ. ಹೊರಡುವ ದಿನ ನಮ್ಮ ಕಟ್ಟೆಗೆ ಬಂದು ಕೂತಿದ್ದರು. ಅಷ್ಟರಲ್ಲಿ ಮಿಷಿನ್ನು ಗುಜರಿ ಸೇರಿತ್ತು. ಎಂದಿನಂತೆ ಒಂದು ಲೆಕ್ಕ ಕೇಳಿದರು.

"ಕಿಟಕಿ ಮುಚ್ಚೇ ಇಟ್ಟಿದ್ರ ಆಕಿ ಇನ್ನೆಷ್ಟು ದಿನ ಇರ್ತಿದ್ಲು, ಹೇಳ್ರಿ ಮಾಸ್ತರ."

ಅಳಿಯ ಆಟೋ ತರುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.